ಹತ್ತು ಮಕ್ಕಳ ಬಾಟಲಿ

"ಖಾಲಿ ಪೆಟ್ಟಿಗೆ ಹೊತ್ತು ತರೋಕೆ ಇಷ್ಟು ದೊಡ್ಡ ವ್ಯಾನ್ ಬೇರೆ ಕೇಡು!" ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಕೂಗಿದರು. ಓಣಿಯಲ್ಲಿ ದಡಾರ ಎದ್ದಿತ್ತು. ಲಸಿಕೆಗೆಂದು ಮಕ್ಕಳನ್ನೆತ್ತಿಕೊಂಡು ಬಂದವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಡ್ರೈವರ್ ಐಸ್ ಪೆಟ್ಟಿಗೆ ಅವುಚಿಕೊಂಡು ಒಳಗೆ ನುಗ್ಗಿ ಬಾಗಿಲು ಮುಂದಕ್ಕೆಳೆದ.

"ಮೇಲಿನವರಿಗೆ ಕಣ್ಣಿಲ್ವೇನಪ್ಪ?" ಎಂದು ನರ್ಸಮ್ಮ ರೇಗಿದಳು. ಬೆಳಗಿನಿಂದ ಬಂದವರಿಗೆಲ್ಲ ಮೇಲಿನವರೇ ಲಸಿಕೆ ಕಳಿಸಿಲ್ಲವೆಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

"ನನ್ನ ಮೇಲೆ ಯಾಕ್ ಗೂಬೆ ಕೂರಿಸ್ತೀರಿ ಸಿಸ್ಟರ್? ನಿಮ್ಮಲ್ಲಿ ಖರ್ಚೇ ಇಲ್ಲ ಅಂತ ತಾನೇ ಹೋದ ತಿಂಗಳು ಉಳಿದಿದ್ದನ್ನೆಲ್ಲ ನನ್ನ ಕೈಲೇ ವಾಪಸ್ ತರಿಸ್ಕೊಂಡ್ರು? ನಿಮ್ಮ ಪಾಲು ಬೇರೆ ಊರಿಗೆ ಹೋಯ್ತು. ಈಗ ಮೇಲಿನವರ ಹತ್ರಾನೂ ಇಲ್ಲ."

ನರ್ಸಮ್ಮ ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಒಂದು ಬಾಟಲಿ ಎಂದರೆ ಹತ್ತು ಮಕ್ಕಳಿಗೆ. ಬೆಳಿಗ್ಗೆ ಒಡೆದರೆ ಮಧ್ಯಾಹ್ನದೊಳಗೆ ಮುಗಿಯಬೇಕು, ಉಳಿದದ್ದು ಚರಂಡಿಗೆ. ಒಂದೇ ಮಗು ಬಂದರೂ ಒಡೆಯಿರಿ ಎಂದು ಡಾಕ್ಟರಮ್ಮ ಬಡಿದುಕೊಂಡಿದ್ದರು. ಆದರೆ ಚೆಲ್ಲುವುದೆಂದರೆ ನರ್ಸಮ್ಮನಿಗೆ ಕರುಳು ಕಿತ್ತಂತಾಗುತ್ತಿತ್ತು. ಮೂವರು ಬಂದರೆ "ಹತ್ತು ಜನ ಆಗ್ಲಿ ಬನ್ನಿ", ಐವರು ಬಂದರೂ ಅದೇ ಮಾತು. ಒಂದು ಹನಿಯೂ ಹಾಳಾಗಲಿಲ್ಲವೆಂದು ಕಚೇರಿಯವರು ಬಹುಮಾನ ಕೊಟ್ಟ ಗೋಡೆ ಗಡಿಯಾರ ತಲೆಯ ಮೇಲೇ ಟಿಕ್ ಟಿಕ್ ಎನ್ನುತ್ತಿತ್ತು. ಥೂ, ಇಂಥ ಜಾಣತನಕ್ಕಿಷ್ಟು ಬೆಂಕಿ ಹಾಕ! ಅವಳಿಗೆ ತಲೆಯೆತ್ತಿ ಗಂಟೆ ನೋಡಲೂ ನಾಚಿಕೆಯಾಯಿತು.

"ಅಕ್ಕಾ, ಹತ್ತು ಆಯ್ತು ನೋಡಿ!"

ಬಾಗಿಲು ತಳ್ಳಿಕೊಂಡು ಬಂದವಳು ಹಿಂದಿನ ಬೀದಿಯ ಟೈಲರಮ್ಮ. ಸೊಂಟದ ಮೇಲೆ ಅವಳ ಮಗಳು, ಬೆನ್ನಿಗೆ ಬೇರೆ ಬೇರೆ ಮನೆಗಳ ತಾಯಂದಿರು, ಅವರ ಕೂಸುಗಳು. ಮೂರು ಸಲ ಮಗಳಿಗೆ ಲಸಿಕೆ ಸಿಗದೆ ಹಿಂದಿರುಗಿದವಳು ಅವಳು. ಮೂರನೆಯ ಸಲ ನರ್ಸಮ್ಮ ತಮಾಷೆಗೆ, "ಇನ್ನೊಂಬತ್ತು ಮಕ್ಕಳನ್ನ ನೀನೇ ಹಿಡ್ಕೊಂಡು ಬಾರಮ್ಮ" ಎಂದಿದ್ದಳು. ಪುಣ್ಯಾತ್ಗಿತ್ತಿ ಅದನ್ನು ನಿಜವೆಂದೇ ನಂಬಿ ಮನೆ ಮನೆ ತಿರುಗಿ ಹಿಡಿದು ತಂದಿದ್ದಳು!

"ಪಕ್ಕದ ಮನೆ ಮಗು ಮಲಗ್ಬಿಟ್ಟಿದೆ ಅಕ್ಕ, ಮೈಯೆಲ್ಲ ಗುಳ್ಳೆ. ಇವಳು ದಿನಾ ಅದರ ಜೊತೆಗೇ ಆಡ್ತಿದ್ಲು. ಬೇಗ ಹಾಕ್ಬಿಡಿ." ಆಗಲೇ ಅವಳು ಮಗಳ ಅಂಗಿಯ ತೋಳು ಮೇಲಕ್ಕೆ ಮಡಚಿದ್ದಳು.

"ಲಸಿಕೆ ಇಲ್ಲಮ್ಮ."

ಹೊರಗಿನವರ ಕೂಗು ಮತ್ತೆ ಎದ್ದಿತು. ಬೈಗುಳದಲ್ಲಿ ನರ್ಸಮ್ಮನಿಗೂ ಪಾಲು ಬಂತು. ಟೈಲರಮ್ಮ ಅವರ ಕಡೆ ತಿರುಗಿ ನಿಂತಳು. "ಅಕ್ಕನ್ನ ಯಾಕೆ ಬೈತೀರಾ? ಒಂದು ಹನೀನೂ ಚೆಲ್ಲದ ಕೈ ಅದು. ಮೇಲಿನವರು ಕಳಿಸ್ದೆ ಇದ್ರೆ ಅವರೇನು ಮಾಡ್ತಾರೆ?"

ಬೈದವರ ಮಾತು ತಡೆದುಕೊಳ್ಳಬಹುದಿತ್ತು. ಈ ಮಾತು ಮಾತ್ರ ಕೆನ್ನೆಗೆ ಬಾರಿಸಿದ ಹಾಗೆ ಬಿತ್ತು. ಹೂಂ ಎಂದುಬಿಟ್ಟರೆ ಮುಗಿದೇಹೋಯಿತು. ಡ್ರೈವರ್ ಕೂಡ ಬಾಯಿ ಬಿಡುವವನಲ್ಲ. ಅವನು ಆಗಲೇ ನೆಲ ನೋಡುತ್ತಿದ್ದ.

"ಮೇಲಿನವರಲ್ಲಮ್ಮ, ನಾನೇ" ಎಂದಳು ನರ್ಸಮ್ಮ. "ನೀನು ಒಬ್ಬಳೇ ಬಂದಾಗ ಫ್ರಿಜ್ ತುಂಬ ಇತ್ತು. ಒಂದು ಮಗುಗೋಸ್ಕರ ಯಾಕೆ ಒಡೀಲಿ ಅಂತ ನಾನೇ ಒಡೀಲಿಲ್ಲ."

"ಇತ್ತಾ?"

"ಇತ್ತು. ಮೂರು ಸಲಾನೂ ಇತ್ತು."

ಟೈಲರಮ್ಮ ಮಗಳ ಅಂಗಿಯ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ತೋಳನ್ನು ಮಣಿಕಟ್ಟಿನವರೆಗೂ ಎಳೆದು, ಗುಂಡಿ ಹಾಕತೊಡಗಿದಳು.