ಬಾಗಿಲಲ್ಲಿ ಪೆರ್ಪೆತುವಾ ಮೇಡಂ

"ನಾನೇ ಮೇಡಂ. ನಿಮ್ಮ ತಮ್ಮನ್ನ ಚುಚ್ಚಿದ್ದು ನಾನೇ."

ಕಾಫಿ ಬಗ್ಗಿಸುತ್ತಿದ್ದ ಪೆರ್ಪೆತುವಾಳ ಕೈ ಹಾಗೇ ನಿಂತಿತು. ಹಿತ್ತಿಲ ಬಾಗಿಲಿನಿಂದ ಏದುಸಿರು ಬಿಡುತ್ತ ಅಡುಗೆಮನೆಗೆ ನುಗ್ಗಿದವನು ರೋಮಿಲ್. ಮೀನುಪೇಟೆಯಲ್ಲಿ ಐಸ್ ಹೊರುವವನು, ಹಿಂದೊಮ್ಮೆ ಅವಳ ತರಗತಿಯ ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವನು. ಮುಂದಿನ ಕೋಣೆಯಲ್ಲಿ, ಟ್ರೈಸಿಕಲ್ ಎಂಬ ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುತ್ತಿದ್ದ ಅವಳ ತಮ್ಮ ಎಲಾದಿಯೊನ ಶವಪೆಟ್ಟಿಗೆ ಇತ್ತು. ಅದರ ಗಾಜಿನ ಮೇಲೆ ಅವಳ ತಾಯಿ ತಂದುಬಿಟ್ಟಿದ್ದ ಕೋಳಿಮರಿ ಅಕ್ಕಿ ಕುಕ್ಕುತ್ತಿತ್ತು. ಮರಿ ಕುಕ್ಕಿದಷ್ಟೂ ಕೊಂದವನ ಎದೆಗೆ ಕುಕ್ಕಿದಂತಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. "ಎಲ್ಲ ಅಜ್ಜಿಕಥೆ" ಎಂದು ಪೆರ್ಪೆತುವಾ ನಿನ್ನೆಯಷ್ಟೇ ಮೂಗು ಮುರಿದಿದ್ದಳು.

"ಟ್ರೈಸಿಕಲ್ ಕೊಡು ಅಂದೆ, ಕೊಡ್ಲಿಲ್ಲ. ಸುಮ್ನೆ ಹೆದರ್‍ಸೋಣ ಅಂತ ಚಾಕು ತೆಗೆದೆ..."

"ಹೆದರ್‍ಸೋಕೆ ಅಷ್ಟು ಸಲ ಚುಚ್ಚಬೇಕಾ?"

ಅವನು ತಲೆ ತಗ್ಗಿಸಿದ. ಕುದಿಯುವ ಕಾಫಿಯನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು ಅವಳಿಗೆ. ತಮ್ಮನಿಗೆ ಅಂಗಿ ತೊಡಿಸುವಾಗ ಆ ಗಾಯಗಳನ್ನು ಕಣ್ಣಾರೆ ಕಂಡಿದ್ದಳು. ಪಾತ್ರೆಯನ್ನು ಮೆಲ್ಲಗೆ ಒಲೆಯ ಮೇಲಿಟ್ಟಳು.

ಊರಿನ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುವ ಪೆರ್ಪೆತುವಾಳ ಎರಡು ಪಾಠಗಳು ಪ್ರಸಿದ್ಧ. ಒಂದು, ಸತ್ಯ ಹೇಳುವುದು ಕರ್ತವ್ಯ, ಅದಕ್ಕೆ ಲಾಭನಷ್ಟದ ಲೆಕ್ಕವಿಲ್ಲ. ಕೊಲೆಗಾರನೇ ಮಚ್ಚು ಹಿಡಿದು ಬಂದು ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳಾಡಬಾರದು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಡಂ ಮನೆಯಲ್ಲಿ ಅಡಗುವುದಕ್ಕಿಂತ ಮೊಸಳೆಯ ಬಾಯಲ್ಲಿ ಅಡಗುವುದು ವಾಸಿ ಎಂಬುದು ಊರಿನ ಹಳೆಯ ಗೇಲಿ. ಇನ್ನೊಂದು ಪಾಠಕ್ಕೆ ಯಾರೂ ನಗುತ್ತಿರಲಿಲ್ಲ. ಬೇಕೆಂದೇ ಕೊಂದವನಿಗೆ ಸಾವೇ ಸಲ್ಲಬೇಕು; ಉಳಿದವರು ಹೆದರಲಿ ಎಂದಲ್ಲ, ಅವನೂ ಮನುಷ್ಯ, ಮಾಡಿದ್ದಕ್ಕೆ ಹೊಣೆಗಾರ ಎಂಬ ಕಾರಣಕ್ಕೆ. ಸರ್ಕಾರ ಮರಣದಂಡನೆಯನ್ನು ಮತ್ತೆ ತಂದ ವರ್ಷ ಕಾಲೇಜಿನ ಪಾದ್ರಿಗಳೆಲ್ಲ ವಿರೋಧಿಸಿದಾಗ ಇವಳೊಬ್ಬಳೇ ಅವರೊಡನೆ ಜಗಳಕ್ಕೆ ನಿಂತಿದ್ದಳು.

ಅಂಗಳದಲ್ಲಿ ಗದ್ದಲವೆದ್ದಿತು. ಸಾವಿನ ಮನೆ ಕಾಯುತ್ತ ಇಸ್ಪೀಟಾಡುತ್ತಿದ್ದವರು ಎಲೆ ಬಿಸುಟು ಎದ್ದಿದ್ದರು. ಮುಂದೆ ನಿಂತಿದ್ದವನು ಊರಿನ ಮುಖಂಡ ಸೆವೆರೊ, ಪೆರ್ಪೆತುವಾಳ ಜೊತೆಗೇ ಶಾಲೆ ಓದಿದವನು. ಕೈಯಲ್ಲಿ ಮಚ್ಚು.

"ಟ್ರೈಸಿಕಲ್ ರೋಮಿಲ್‌ನ ಹಿತ್ತಲಲ್ಲಿ ಸಿಕ್ತು! ಆ ನಾಯಿ ಈ ಕಡೇನೇ ಓಡಿ ಬಂದಿದ್ದು. ಮೇಡಂ, ಒಳಗಿದ್ದಾನಾ?"

"ಇಲ್ಲ ಅನ್ನಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ರೋಮಿಲ್ ಪಿಸುಗುಟ್ಟಿದ.

ಪೆರ್ಪೆತುವಾ ಮುಂಬಾಗಿಲಿಗೆ ಬಂದು ಎರಡೂ ಕೈಗಳನ್ನು ಚೌಕಟ್ಟಿಗೆ ಚಾಚಿ ನಿಂತಳು.

"ಇದ್ದಾನೆ. ಅಡುಗೆಮನೇಲಿ."

"ನಾನು ಹೇಳ್ಲಿಲ್ವಾ! ಮೇಡಂ ಸತ್ರೂ ಸುಳ್ಳು ಹೇಳಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದ. ಸೆವೆರೊ ಮೆಟ್ಟಿಲಿಗೆ ಕಾಲಿಟ್ಟ.

"ಇದ್ದಾನೆ ಅಂದೆ. ಒಳಗೆ ಬಾ ಅನ್ಲಿಲ್ಲ."

"ಕೊಂದವನು ಸಾಯ್ಬೇಕು ಅಂತ ನನ್ನ ಮಗಳಿಗೆ ಬಾಯಿಪಾಠ ಮಾಡ್ಸಿದವರು ನೀವೇ ಅಲ್ವಾ?"

"ಈಗ್ಲೂ ಅದನ್ನೇ ಹೇಳ್ತೀನಿ. ಅವನ ಮಾತು ಕೇಳಿ, ತೂಗಿ ನೋಡಿ, ಎಲ್ಲರೆದುರು ತೀರ್ಪು ಕೊಟ್ಟು ಆಮೇಲೆ. ನೀನು ನ್ಯಾಯಕ್ಕೆ ಬಂದಿಲ್ಲ ಸೆವೆರೊ. ಬೆಳಗ್ಗಿಂದ ಕುಡಿದಿದ್ದನ್ನ ಯಾರ ಮೇಲಾದ್ರೂ ಇಳಿಸೋಕೆ ಬಂದಿದೀಯ."

"ಸತ್ತವನು ನಿಮ್ಮ ತಮ್ಮ! ರಕ್ತ ಕುದಿಯಲ್ವಾ ನಿಮಗೆ?"

"ಕುದಿಯತ್ತೆ. ನಿನಗಿಂತ ಜಾಸ್ತಿ ಕುದಿಯತ್ತೆ. ಅವನ ಹೆಸರು ಹೇಳ್ಕೊಂಡು ಮಚ್ಚೆತ್ತೋ ಹಕ್ಕು ಒಡಹುಟ್ಟಿದ ನನಗೇ ಇಲ್ಲ, ನಿನಗೆಲ್ಲಿಂದ ಬಂತು? ಬಾ, ಮೊದಲು ನನ್ನ ಕಡಿ. ಆಮೇಲೆ ನಿನ್ನ ಮಗಳು ಅದೇ ಪಾಠಾನ ನಿನಗೆ ಓದಿ ಹೇಳ್ತಾಳೆ."

ಧೈರ್ಯವಂತೆ ಎಂದು ಊರು ಈಗಲೂ ಹೊಗಳುತ್ತದೆ. ಅವಳಿಗೂ ಹೆದರಿಕೆ ಇತ್ತು. ವರ್ಷಗಟ್ಟಲೆ ಪಾಠ ಹೇಳಿದವರಿಗೆ ಅದನ್ನು ಮುಚ್ಚಿಕೊಳ್ಳುವುದು ಅಭ್ಯಾಸವಾಗಿರುತ್ತದೆ, ಅಷ್ಟೆ. ಸೆವೆರೊ ನೆಲಕ್ಕೆ ಉಗಿದು ಕಾಲು ಹಿಂದಕ್ಕೆ ತೆಗೆದ.

ಅಡುಗೆಮನೆಯಲ್ಲಿ ರೋಮಿಲ್ ಒಲೆಯ ಪಕ್ಕ ಮುದುಡಿ ಕೂತಿದ್ದ.

"ನಡಿ, ಪೊಲೀಸ್ ಠಾಣೆಗೆ. ನಾನೂ ಬರ್ತೀನಿ."

"ಗಾಡಿ ಸಿಕ್ಕಿದ್ದಕ್ಕೆ ಬರೀ ಕಳ್ಳ ಅಂತಾರೆ ಮೇಡಂ, ಜೈಲು ಅಷ್ಟೇ. ಚುಚ್ಚಿದ್ದನ್ನ ಯಾರೂ ನೋಡಿಲ್ಲ. ನಿಮಗೊಬ್ಬರಿಗೇ ನಾನು ಹೇಳಿದ್ದು." ಅವನು ಅವಳ ಮುಖವನ್ನೇ ನೋಡಿದ. "ಅಲ್ಲಿ ಹೇಳ್ತೀರಾ?"

"ನೀನು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ತೀನಿ."

"ಹೇಳಿದ್ರೆ ಸೂಜಿ ಚುಚ್ಚಿ ಸಾಯಿಸ್ತಾರೆ ನನ್ನ."

ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಪ್ರತಿವರ್ಷ ಹೇಳಿದ್ದ ಉತ್ತರ, ಒಂದಕ್ಷರವೂ ಮರೆತಿರಲಿಲ್ಲ. ಬಾಯಿ ತೆರೆದಳು, ಆದರೆ ಅದು ಹೊರಡಲಿಲ್ಲ.

"ಏಳು," ಎಂದಳು. "ಮುಖ ತೊಳ್ಕೊ."

ಅವನ ಮಣಿಕಟ್ಟು ಹಿಡಿದು ಶವಪೆಟ್ಟಿಗೆಯ ಪಕ್ಕದಲ್ಲೇ ಕರೆದುಕೊಂಡು ಬಂದಳು. ಜಪಮಾಲೆ ಹಿಡಿದು ಕೂತಿದ್ದ ತಾಯಿ ಅವನತ್ತ ಕತ್ತೆತ್ತಿಯೂ ನೋಡಲಿಲ್ಲ. ಪೆರ್ಪೆತುವಾ ಹೊಸ್ತಿಲ ಮೇಲೆ ಕಾಲಿಟ್ಟಾಗ ಮಾತ್ರ ಮುದುಕಿ ಕಿರುಚಿದಳು.

"ದಾಟಬೇಡ್ವೇ! ಅವನು ಬೇಕಿದ್ರೆ ಒಬ್ಬನೇ ಹೋಗ್ಲಿ! ಹೆಣ ಇರೋ ಮನೆಯವರು ಯಾರನ್ನೂ ಹೊಸ್ತಿಲು ದಾಟಿ ಕಳಿಸಿಕೊಡೋಕೆ ಹೋಗಬಾರ್‍ದು. ಹೋದ್ರೆ ಇನ್ನೊಂದು ಸಾವಾಗತ್ತೆ!"

ನಮ್ಮೂರಲ್ಲಿ ಇದನ್ನು ಮೀರಿದವರಿಲ್ಲ. ಮಚ್ಚು ಹಿಡಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆರ್ಪೆತುವಾ ನಿಂತಳು. ಅವಳ ಬೆರಳುಗಳ ಕೆಳಗೆ ಅವನ ನಾಡಿ ಡಬಡಬ ಹೊಡೆದುಕೊಳ್ಳುತ್ತಿತ್ತು. ಮುಖ ತೊಳೆದ ನೀರು ಅವನ ಗದ್ದದಿಂದ ಅವಳ ಕೈಮೇಲೆ ತೊಟ್ಟಿಕ್ಕುತ್ತಿತ್ತು.

"ಗೊತ್ತಮ್ಮ," ಎಂದಳು.

ಹೊಸ್ತಿಲು ದಾಟಿ ಇಳಿದಳು. ಜನ ಸರಿದು ದಾರಿ ಬಿಟ್ಟರು. ಮಧ್ಯಾಹ್ನದ ಬಿಸಿಲಿಗೆ ರಸ್ತೆ ಕಾದಿತ್ತು. ಚರ್ಚಿನ ಗೋಡೆಯ ಹತ್ತಿರ ರೋಮಿಲ್‌ನ ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಪೆರ್ಪೆತುವಾ ಕೈ ಬಿಡದೆ ಅವನ ಜೊತೆ ಹಿಂದಕ್ಕೆ ಬಂದು, ಅವನು ಅದನ್ನು ಕಾಲಿಗೆ ಮತ್ತೆ ಸೇರಿಸಿಕೊಳ್ಳುವವರೆಗೂ ಕಾದು ನಿಂತಳು.