ಸಾಹೇಬರ ಮುಂದೆ ಆಡಿದ ಮಾತು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತಾರಲ್ಲ, ಊರ ಪಾಟೀಲ ಸಾಯಬಣ್ಣನ ಗತಿ ಥೇಟ್ ಅದೇ ಆಗಿತ್ತು. ಐವತ್ತಾರರ ನವೆಂಬರಿನಲ್ಲಿ ಕನ್ನಡದ ಊರುಗಳೆಷ್ಟೋ ಮೈಸೂರು ರಾಜ್ಯ ಸೇರಿದವು. ಅಕ್ಕಲಕೋಟೆ ಸೀಮೆಯಲ್ಲಿ ಹನ್ನೂರದ ಆಚೆಗಿನ ಅವನ ಊರು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಕಟ್ಟೆಯ ಮೇಲೆ ಕೂತವರು, "ಹ್ವಾದ ವರ್ಷ ಬಂದಿದ್ದ ಆ ಸಾಹೇಬನ ತಲಿ ಯಾರೋ ಕೆಡಿಸ್ಯಾರ, ಅವರ ಬಾಯಾಗ ಮಣ್ಣ ಬೀಳ್ಲಿ" ಎಂದು ಶಪಿಸಿದರು. ಸಾಯಬಣ್ಣನೂ ಹೂಂ ಅಂದ. ಆ ಮಣ್ಣು ಬೀಳಬೇಕಾದದ್ದು ತನ್ನ ಬಾಯಿಗೇ ಅಂತ ಅವನಿಗೆ ಗೊತ್ತಿತ್ತು.

ಯಾವ ರಾಜ್ಯಕ್ಕೆ ಹೋಗ್ತೀರಿ ಎಂದು ಕೇಳಲು ಹಿಂದಿನ ವರ್ಷ ಸಾಹೇಬರೊಬ್ಬರು ಜೀಪಿನಲ್ಲಿ ಬಂದಿದ್ದರು. ಕನ್ನಡ ನಾಡಿಗೇ ಎಂದು ಹೇಳುವ ಭಾರವನ್ನು ಊರು ಸಾಯಬಣ್ಣನಿಗೆ ಒಪ್ಪಿಸಿತ್ತು. ಈತನೋ ಅಕ್ಕಲಕೋಟೆ ಸಂಸ್ಥಾನದ ಕಾಲದ ಮನುಷ್ಯ. ಕನ್ನಡ ಮನೆಗೆ, ಹೊಲಕ್ಕೆ. ದರಬಾರಿನವರ ಮುಂದೆ ಮರಾಠಿಯೇ ಮರ್ಯಾದೆ ಎಂದು ಅಪ್ಪ ಕಲಿಸಿದ್ದ. "ಯಾ ಸಾಹೇಬ, ಬಸಾ" ಎಂದು, ಬನ್ನಿ ಕೂತುಕೊಳ್ಳಿ ಅನ್ನುವುದನ್ನು ಮರಾಠಿಯಲ್ಲೇ ಹೇಳಿ, ಕಂಬಳಿ ಹಾಸಿದ. ನಮ್ಮನ್ನು ಕನ್ನಡದವರ ಜೊತೆ ಸೇರಿಸಿ ಎಂಬುದನ್ನೂ, ಶಿವನೇ, ಅಚ್ಚ ಮರಾಠಿಯಲ್ಲೇ ಹೇಳಿದ!

ಅವನ ತಂಗಿ, ಗಂಡ ಸತ್ತ ಗುರಮ್ಮ, ಸುಮ್ಮನಿರಲಾರದೆ ಮುಂದೆ ಬಂದಳು. "ಸಾಹೇಬರ, ನನ್ನ ಮಗಳು ಕನ್ನಡ ಸಾಲಿಗಿ ಹೋಗ್ತಾಳ್ರಿ, ಆ ಸಾಲಿ..."

"ಬಾಯಿ ಮುಚ್ಚು ಗುರವ್ವಾ! ದೊಡ್ಡವರ ಮುಂದ ಹಂಗ ಮಾತಾಡ್ತಾರೇನು?" ಎಂದು ಸಾಯಬಣ್ಣ ಗದರಿದ. ಅವಳು ತಲೆತಗ್ಗಿಸಿ ಹೋದಳು. ಸಾಹೇಬರು ನಕ್ಕು, ಇಲ್ಲಿಯವರಿಗೆ ಮರಾಠಿ ಚೆನ್ನಾಗೇ ಬರುತ್ತದೆ, ಇನ್ನೇನು ತೊಂದರೆ ಎಂದು ಜೀಪು ಹತ್ತಿದರು. ಅದನ್ನು ಹೊಗಳಿಕೆ ಎಂದುಕೊಂಡು ಸಾಯಬಣ್ಣ ಮೀಸೆ ತಿರುವಿದ್ದ. ಥೂ ಅವನ!

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಂಕ್ರಾಂತಿ ಕಳೆದ ಮೇಲೆ ಕನ್ನಡ ಮಾಸ್ತರ ಶಿವಶರಣಪ್ಪನಿಗೆ ವರ್ಗವಾಗಿ ಮರಾಠಿ ಮಾಸ್ತರ ಬಂದ. ಗುರಮ್ಮನ ಮಗಳು ಸೋನಾಬಾಯಿ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ಎಮ್ಮೆ ಕಾಯಲು ಹೋದಳು. ಅದನ್ನು ಕಂಡ ದಿನ ಸಾಯಬಣ್ಣ ಊಟ ಅರ್ಧಕ್ಕೇ ಬಿಟ್ಟು ಎದ್ದ. ತಡೆಯಲಾಗದೆ ತಂಗಿಯ ಮನೆಗೆ ನಡೆದ.

"ಗುರವ್ವಾ, ತಪ್ಪು ನಂದೇ ಐತಿ. ಆವತ್ತ ನಿನಗ ಮಾತಾಡಾಕ ಬಿಟ್ಟಿದ್ರ..."

ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದಳು. ಒಳಗಿನಿಂದ ಕಂಬಳಿ ತಂದು ಹಾಸಿದಳು. ಪರ ಗಂಡಸರು ಬಂದಾಗ ಮಾಡುವಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಯಾ ಪಾಟೀಲಸಾಹೇಬ," ಎಂದಳು, "ಬಸಾ."