ಚೀಲದ ಮೇಲಿನ ಓಕೆ

"ಗುರುಬಸಕ್ಕಾ, ನಿಮ್ ಯಜಮಾನ್ರು ನಕ್ಸಲೈಟಂತೆ!"

ಕೂಲಿಗೆ ಬರುವ ಕಾಡಿನ ಹೆಂಗಸು ಕೆಂಪಿ ಅಂಗಳಕ್ಕೆ ಓಡಿಬಂದು ಒದರಿದಾಗ ಗುರುಬಸಮ್ಮ ಕರಿಮೆಣಸು ಕೇರುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು.

"ಯಾರು, ನಮ್ಮೋರಾ? ಜಿರಳೆ ಕಂಡ್ರೆ ಮಂಚ ಹತ್ತೋರು!"

"ಚೀಲದ್ ಮೇಲೆ ಕೆಂಪಗೆ ಓಕೆ ಅಂತ ಬರ್ದವ್ರಲ್ಲಾ, ಅದು ಯಾರೋ ಲೀಡರ್ ಹೆಸ್ರಂತೆ. ಪೊಲೀಸ್ ಕ್ಯಾಂಪಲ್ಲಿ ಕೂರ್ಸವ್ರೆ."

ಮಲೆಯಾಳಿ ಸೀಮೆಯ ಪುಲ್ಪಳ್ಳಿಯಲ್ಲಿ ಮೆಣಸಿನ ವ್ಯಾಪಾರ ಮಾಡುವ ಅವಳ ಗಂಡ ಶಿವನಂಜಪ್ಪ ಪ್ರತಿ ಚೀಲದಿಂದ ಒಂದು ಕಾಳು ಕಚ್ಚಿ ನೋಡುವವನು. ಕಟಕ್ಕೆಂದರೆ ಒಣಗಿದೆ ಎಂದರ್ಥ. ಚೀಲಕ್ಕೆ ಓಕೆ ಬೀಳುತ್ತಿತ್ತು. ಕಪ್ಪು ಬಣ್ಣ ಮುಗಿಯಿತೆಂದು ಅವತ್ತು ಕೆಂಪು ಹಚ್ಚಿದ್ದ. ಗೋಡೆಗೋಡೆಯ ಮೇಲೂ ನಕ್ಸಲರ ಕೆಂಪಕ್ಷರ ಏಳುತ್ತಿದ್ದ ಆ ವರ್ಷ, ಪೊಲೀಸರು ಎಲೆಯಡಿಕೆ ಉಗಿದ ಕಲೆಯನ್ನೂ ಓದಲು ಕೂರುತ್ತಿದ್ದರು.

ಗುರುಬಸಮ್ಮ ಒಂದು ಹಿಡಿ ಮೆಣಸು ಸೆರಗಿಗೆ ಕಟ್ಟಿಕೊಂಡು, ಕೆಂಪಿಯ ಜೊತೆ ಕ್ಯಾಂಪಿಗೆ ಓಡಿದಳು. ಅಲ್ಲಿ ಎಸ್‌ಐ ಮಾಧವನ್ ಶಾಲೆಯ ಬಾಲಕೃಷ್ಣನ್ ಮೇಷ್ಟ್ರನ್ನು ಇಂಗ್ಲಿಷ್ ಬಲ್ಲವರೆಂದು ಕರೆಸಿ ವಿಚಾರಿಸುತ್ತಿದ್ದ.

"ಓಕೆ ಅಂದ್ರೆ ಸರಿ ಅಂತ ನಂಗೂ ಗೊತ್ತು ಮಾಷೇ. ಅದು ಹುಟ್ಟಿದ್ದೆಲ್ಲಿ? ಮೂಲ ಹೇಳಿದ್ರೆ ಈ ವ್ಯಾಪಾರೀನ ಬಿಡ್ತೀನಿ."

"ಅಮೆರಿಕದಲ್ಲಿ ಸಾರೇ. ಪೇಪರಿನೋರು ತಮಾಷೆಗೆ ತಪ್ಪುತಪ್ಪಾಗಿ ಇಂಗ್ಲಿಷ್ ಬರೀತಿದ್ರು. 'ಎಲ್ಲಾ ಸರಿಯಿದೆ', ಆಲ್ ಕರೆಕ್ಟ್, ಅನ್ನೋದನ್ನ 'ಓಲ್ ಕೊರೆಕ್ಟ್' ಅಂತ ತಪ್ಪಾಗಿ ಬರ್ದು, ಮೊದ್ಲಕ್ಷರ ಮಾತ್ರ ಇಟ್ಕೊಂಡ್ರು."

"ಸರಿಯಿದೆ ಅನ್ನೋದನ್ನೇ ತಪ್ಪಾಗಿ ಬರ್ದ್ರಾ? ಪೊಲೀಸ್ರ ಕಿವಿಗೇ ಹೂವಾ?"

ನಿಜ ಹೇಳಿದ ಮೇಷ್ಟ್ರೂ ಶಿವನಂಜಪ್ಪನ ಪಕ್ಕ ಬೆಂಚಿನಲ್ಲಿ ಕೂತರು. ಗುರುಬಸಮ್ಮ ಗಂಡನ ಬೆವೆತ ಮುಖ ನೋಡಿದಳು. ನಿಜದಿಂದ ಈ ಮನುಷ್ಯ ಮನೆಗೆ ಬರುವುದಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿದಳು.

"ಅದು ಅಮೆರಿಕದ್ದಲ್ಲ ಸಾರ್, ಮೆಣಸಿಂದೇ ಮಾತು. ಕಚ್ಚಿ ನೋಡಿ."

ಮಾಧವನ್ ಮೂಸಿ ನೋಡಿದ. ಒಂದು ಸಾಲದೆಂದು ನಾಲ್ಕು ಕಾಳು ಬಾಯಿಗೆಸೆದು ಕಚ್ಚಿದ.

"ಓ..." ಬಾಯಿ ತೆರೆದೇ ಉಳಿಯಿತು. ಕಣ್ಣಲ್ಲಿ ನೀರು ಬಂತು. "ಕ್ಕೆ! ಕ್ಕೆಹ್ಹೆ!"

"ನೋಡಿದ್ರಾ? ನಮ್ಮಜ್ಜಿ ಕಾಲದಿಂದ್ಲೂ ಹಿಂಗೇ."

"ನಮ್ ಕಾಡಲ್ಲೂ ಹಿಂಗೇಯ," ಎಂದು ಕೆಂಪಿ ಸಾಕ್ಷಿ ನುಡಿದಳು.

ಎಸ್‌ಐ ಒಂದು ಚೆಂಬು ನೀರು ಗಟಗಟ ಕುಡಿದು, ಗುರುಬಸಮ್ಮನನ್ನು ಸ್ವಂತ ಅಕ್ಕನಂತೆ ಗೌರವದಿಂದ ನೋಡಿದ.

"ಇದು ನಂಬೋ ಮಾತು ಚೇಚೀ. ಆದ್ರೆ ಇವ್ರನ್ನ ಬಿಡೋಕೆ ದೊಡ್ಡ ಸಾರ್ ಒಪ್ಪಬೇಕು. ಅವ್ರು ನಾಳೆ ಮಾನಂದವಾಡಿಯಿಂದ ಬರ್ತಾರೆ. ಅವ್ರೂ ಕಚ್ಚಿ ನೋಡ್ಲಿ."

"ಮೇಷ್ಟ್ರು?" ಎಂದಳು ಗುರುಬಸಮ್ಮ.

"ಅವ್ರೂ ಇಲ್ಲೇ ಇರ್ಲಿ, ದೊಡ್ಡ ಸಾರ್ ಮುಂದೆ ಅಮೆರಿಕ ಅಂತ ಬಾಯಿ ಮಾತ್ರ ಬಿಡಬಾರ್ದು. ನೀವು ಮೆಣಸು ತಗೊಂಡು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬನ್ನಿ."